ಅದು ನನ್ನ ಮ್ಯಾಲಿರ್ಲಿ

ಕೆಲಸ ಹೇಳಿದ ಮೇಲೆ ಅವರು ಅಲ್ಲಿಂದ ಕದಲುತ್ತಿರಲಿಲ್ಲ. ಬಲಗೈಯನ್ನು ಕಿವಿಯ ಹಿಂದೆ ಮೊರದಂತೆ ಹಿಡಿದು ನಿಂತುಬಿಡುತ್ತಿದ್ದರು. ಹೇಳಿದ ಕೆಲಸವನ್ನು ನಾವು ನಮ್ಮ ಬಾಯಿಂದ ತಿರುಗಿ ಅವರಿಗೆ ಒಪ್ಪಿಸಿ, ಕೊನೆಗೆ ‘ಅದು ನನ್ನ ಮ್ಯಾಲಿರ್ಲಿ’ ಅನ್ನುವ ತನಕ ಆ ಕೈ ಇಳಿಯುತ್ತಿರಲಿಲ್ಲ. ಹೊಸಬರು ‘ಹ್ಞೂಂ ರೀ’ ಅಂದು ಓಡಲು ನೋಡುತ್ತಿದ್ದರು. ‘ಹ್ಞೂಂ ಅನ್ನಾಕೆ ನಮ್ಮನೆ ಎಮ್ಮೀನೂ ಅಂತೈತೆ. ಏನು ಮಾಡ್ತಿ, ಯಾವಾಗ ಮಾಡ್ತಿ, ಅದನ್ನ ಹೇಳು’ ಎನ್ನುತ್ತಿದ್ದರು.

ಅವರು ಹೋದ ತಿಂಗಳು ಶಾಮನೂರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ದಾವಣಗೆರೆಯ ನಮ್ಮ ಬಟ್ಟೆ ಮಿಲ್ಲಿನಲ್ಲಿ ಅವರು ಹೆಡ್ ಜಾಬರ್. ಅಂದರೆ ನೂಲುವ ಯಂತ್ರಗಳಿಗೂ ಅವನ್ನು ನಡೆಸುವ ಜನಕ್ಕೂ ಹಿರಿಯ ಮೇಸ್ತ್ರಿ. ಎಲ್ಲರಿಗೂ ಅವರು ‘ಅಣ್ಣಾರು’. ಹೆಸರು ಹಿಡಿದು ಕರೆದರೆ ಅವರಿಗೆ ಸೇರುತ್ತಿರಲಿಲ್ಲ, ಇಲ್ಲಿಯೂ ನಾನು ಹೆಸರು ಹೇಳುವುದಿಲ್ಲ. ಅವರ ಜೀವನಚರಿತ್ರೆ ಬರೆಯುವ ಹುಮ್ಮಸ್ಸೂ ನನಗಿಲ್ಲ. ಇದ್ದಿದ್ದರೂ ಕೇಳುವ ತಾಳ್ಮೆ ಅವರಿಗೆ ಇರುತ್ತಿರಲಿಲ್ಲ. ಅವರ ಕೈಕೆಳಗೆ ಹನ್ನೆರಡು ಫಿಟ್ಟರುಗಳಿದ್ದೆವು, ಅವರಲ್ಲಿ ನಾನೊಬ್ಬ. ನನಗೆ ತಿಳಿದಷ್ಟು, ನೆನಪಾದ ಹಾಗೆ ಹೇಳುತ್ತೇನೆ.

ಆಳು ಗಿಡ್ಡ, ಒಕ್ಕಲುತನದ ಮನೆಯ ಗಟ್ಟಿ ಮೈ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಹುಬ್ಬಿನ ಮೇಲೆ ಹತ್ತಿಯ ಧೂಳು. ಸಂಜೆಯ ಹೊತ್ತಿಗೆ ಯಾವುದು ವಿಭೂತಿ ಯಾವುದು ಹತ್ತಿ ಎಂದು ಹೇಳಲು ಆಗುತ್ತಿರಲಿಲ್ಲ. ಖಾಕಿ ಅಂಗಿಯ ಜೇಬಿನಲ್ಲಿ ಗೇಣುದ್ದದ ಒಂದು ರಸಮಟ್ಟ, ಗಾಜಿನ ನಳಿಕೆಯಲ್ಲಿ ಗುಳ್ಳೆ ಓಡಾಡುವಂಥದ್ದು, ಸದಾ ಇರುತ್ತಿತ್ತು. ಓದಿದ್ದು ನಾಲ್ಕನೆಯ ಇಯತ್ತೆ. ಇಪ್ಪತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಆದರೆ ಕಿವಿ ಹೋದ ಕೊರತೆ ಅವರನ್ನು ಬಾಧಿಸಿದ್ದನ್ನು ನಾನು ಕಾಣಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡಿದವರಿಗೆಲ್ಲ ಒಂದು ವಿದ್ಯೆ ಬರುತ್ತದೆ. ಅಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವನಿಗೆ ಕೇಳುವುದಿಲ್ಲ, ಆದ್ದರಿಂದ ಎಲ್ಲರೂ ತುಟಿ ನೋಡಿ ಮಾತು ತಿಳಿಯುತ್ತಾರೆ. ನಾವೆಲ್ಲ ಆ ವಿದ್ಯೆಯಲ್ಲಿ ಪಾಸಾದವರಾದರೆ ಅಣ್ಣಾರು ಮೊದಲ ದರ್ಜೆ. ಅಂಗಳದ ಆ ತುದಿಯಲ್ಲಿ ಇಬ್ಬರು ಅವರನ್ನು ಬೈದುಕೊಂಡರೆ ಈ ತುದಿಯಿಂದಲೇ ಉತ್ತರ ಕೊಡುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ದಿನ ಮ್ಯಾನೇಜರು ಅಣ್ಣಾರನ್ನೂ ನನ್ನನ್ನೂ ಆಫೀಸಿಗೆ ಕರೆಸಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನೆಂದು, ಕಾಗದಪತ್ರದ ವಿಷಯ ಬಂದಾಗಲೆಲ್ಲ ಅಣ್ಣಾರು ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದರು.

“ಹೊಸ ನೂಲುವ ಫ್ರೇಮುಗಳು ಫ್ರಾನ್ಸಿನಿಂದ ಬರ್ತಾ ಇವೆ,” ಎಂದರು ಮ್ಯಾನೇಜರು. “ಕೂರಿಸೋಕೆ ಅಲ್ಲಿಂದಲೇ ಒಬ್ಬ ಸಾಹೇಬ ಬರ್ತಾನೆ. ಅವನಿಗೆ ಇಂಗ್ಲಿಷೂ ಬರೋದಿಲ್ಲವಂತೆ. ಇಂಥ ಯಂತ್ರ ಮೊದಲೇ ಕೂರಿಸಿದ ಜಾಬರ್ ಒಬ್ಬ ಕೊಯಮತ್ತೂರಿನಲ್ಲಿದ್ದಾನೆ. ಹೊಸ ಶೆಡ್ಡು ಅವನಿಗೆ, ಅವನ ಜನಕ್ಕೆ ಕೊಡೋಣ ಅಂತಿದ್ದೇನೆ. ನೀವು ಹಳೇ ಶೆಡ್ಡು ನೋಡಿಕೊಳ್ಳಿ.”

ಹಳೆಯ ಶೆಡ್ಡಿನ ಯಂತ್ರಗಳು ಎರಡು ವರ್ಷದಲ್ಲಿ ಗುಜರಿಗೆ ಹೋಗಲಿವೆ ಎಂಬುದು ಕಾವಲುಗಾರನಿಗೂ ಗೊತ್ತಿತ್ತು. ಅವುಗಳ ಜೊತೆ ನಾವು ಹನ್ನೆರಡು ಜನವೂ ಹೊರಗೆ. ಅಣ್ಣಾರು ಕೈಯನ್ನು ಕಿವಿಗೆ ಹಿಡಿದು ಕೇಳಿದರು.

“ಅವ ಯಾವಾಗ ಬರ್ತಾನ್ರಿ?”

“ಇನ್ನು ನಾಲ್ಕು ತಿಂಗಳು.”

“ಅಷ್ಟ್ರಾಗ ಅವನ ಮಾತು ನಾ ಕಲೀತೀನ್ರಿ. ಕೊಯಮತ್ತೂರಿನವರನ್ನ ಸ್ವಲ್ಪ ತಡೀರಿ.”

ಮ್ಯಾನೇಜರು ನಕ್ಕರು. ಒಳ್ಳೆಯ ಮನುಷ್ಯ, ಆದರೂ ನಕ್ಕರು. “ಫ್ರೆಂಚ್ ಕಲೀತೀರಾ? ನೀವು?”

“ಎಲ್ಲಾ ಯಾಕೆ ಬೇಕ್ರಿ? ಅವರ ಕತೆ ಪುರಾಣ ಓದ್ಬೇಕಾ ನಾನು? ಕೆಲ್ಸ ಹಂಚೋ ಮಾತು ಬಂದ್ರೆ ಸಾಕು. ಯಾರು ಮಾಡ್ತಾರೆ, ಯಾವಾಗ ಮಾಡ್ತಾರೆ, ಆತೋ ಇಲ್ವೋ. ಮೂರು ಮಾತಿನ ಮ್ಯಾಲೆ ಮಿಲ್ ನಡೀತೈತ್ರಿ.”

“ಸರಿ, ಸಾಹೇಬ ಬಂದ ಮೇಲೆ ನೋಡೋಣ,” ಎಂದರು ಮ್ಯಾನೇಜರು. ಅಣ್ಣಾರು ಕೈ ಇಳಿಸಲಿಲ್ಲ. ಕೊನೆಗೆ ಮ್ಯಾನೇಜರೇ, “ಸಾಹೇಬ ಬರೋ ತನಕ ಕೊಯಮತ್ತೂರಿನವನಿಗೆ ಕೊನೇ ಮಾತು ಕೊಡೋದಿಲ್ಲ,” ಎಂದು ಬಿಡಿಸಿ ಹೇಳಿದ ಮೇಲೆ ಕೈ ಇಳಿಯಿತು.

ದಾವಣಗೆರೆಯಲ್ಲಿ ಫ್ರೆಂಚ್ ಹೇಳಿಕೊಡುವವರು ಯಾರು? ಕಾಲೇಜಿನ ಮೇಷ್ಟರೊಬ್ಬರನ್ನು ಕೇಳಿದ್ದಕ್ಕೆ ಮದ್ರಾಸಿಗೆ ಹೋಗಿ ಅಂದರು. ಆಗ ನನಗೆ ಹರಿಹರದ ನಮ್ಮ ಸೋದರತ್ತೆಯ ಪಕ್ಕದ ಮನೆಯ ಮುದುಕಿ ನೆನಪಾದರು. ಪಾಂಡಿಚೇರಿಯ ಆಸ್ಪತ್ರೆಯೊಂದರಲ್ಲಿ ಫ್ರೆಂಚ್ ಸಿಸ್ಟರುಗಳ ಕೈಕೆಳಗೆ ಮೂವತ್ತು ವರ್ಷ ನರ್ಸಾಗಿದ್ದವರು. ಮಗನಿಗೆ ಹರಿಹರದಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದು ನೆಲೆಸಿದ್ದರು. ಓಣಿಯವರು ಅವರನ್ನು ನರ್ಸಮ್ಮ ಎನ್ನುತ್ತಿದ್ದರು.

ಮೊದಲ ಭಾನುವಾರ ಬೆಳಗಿನ ಗಾಡಿಗೆ ಹೋಗಿ ಅವರ ಕಟ್ಟೆಯ ಮೇಲೆ ಕೂತೆವು. ಅಣ್ಣಾರು ಮನೆಯ ಹೊಲದ ಅವರೆಕಾಯಿಯನ್ನು ಒಂದು ಚೀಲ ತಂದಿದ್ದರು. ವಿಷಯ ಕೇಳಿ ನರ್ಸಮ್ಮ ತಲೆ ಅಲ್ಲಾಡಿಸಿದರು.

“ತಂಬಿ, ನನಗೆ ಪುಸ್ತಕದ ಫ್ರೆಂಚ್ ಬರೋದಿಲ್ಲ. ವಾರ್ಡಿನ ಮಾತು ಬರುತ್ತೆ, ಅಷ್ಟೇ.”

“ವಾರ್ಡಿನಾಗ ಕೆಲ್ಸ ಹಂಚ್ತಿದ್ರೋ ಇಲ್ವೋ?”

“ದಿನಕ್ಕೆ ಮೂರು ಸಲ. ಪ್ರತಿ ಪಾಳಿಗೆ.”

“ನಮ್ದೂ ಮೂರೇ ಪಾಳಿ, ತಾಯಿ. ಅದನ್ನೇ ಕಲಿಸ್ರಿ.”

ಹೀಗೆ ಪಾಠ ಶುರುವಾಯಿತು. ಮೊದಲ ಮಾತು, ‘ಕಿ ಸಾಂನೊಕುಪ್?’ ಇದನ್ನು ನೋಡಿಕೊಳ್ಳುವವರು ಯಾರು? ಎರಡನೆಯದು, ‘ಜ ಮಾಂ ಶಾರ್ಜ್.’ ಅದು ನನ್ನ ಮೇಲಿರಲಿ. ಮೂರನೆಯದು, ‘ಸೆ ಫೆ.’ ಆಯಿತು, ಮುಗಿಯಿತು. ಆಮೇಲೆ ‘ಪೂರ್ ದಮ್ಯಾಂ ಮತ್ಯಾಂ’, ನಾಳೆ ಬೆಳಿಗ್ಗೆಗೆ. ‘ಇಲ್ ಮ ಫೋ’, ನನಗೆ ಬೇಕು. ಬ್ಯಾಂಡೇಜು ಬೇಕು, ಬಿಸಿನೀರು ಬೇಕು, ಇನ್ನೊಬ್ಬ ನರ್ಸು ಬೇಕು, ಎಲ್ಲಕ್ಕೂ ‘ಇಲ್ ಮ ಫೋ’. ಇವುಗಳ ಜೊತೆಗೆ, ಬೇಡವೆಂದರೂ, ‘ಬಾಯಿ ತೆಗೆಯಿರಿ’, ‘ರೋಗಿ ಚೆನ್ನಾಗಿ ನಿದ್ದೆ ಮಾಡಿದನೇ?’ ಮುಂತಾದ ಮಾತುಗಳೂ ಬಂದು ಸೇರಿಕೊಂಡವು. ಅಣ್ಣಾರು ಯಾವುದನ್ನೂ ಬಿಡಲಿಲ್ಲ. ‘ಇರ್ಲಿ, ಯಾವ್ದು ಯಾವಾಗ ಬೇಕಾಗ್ತೈತೋ’ ಎಂದರು.

ನಾನು ಕಿವಿಯಿಂದ ಕಲಿತೆ, ಪುಸ್ತಕದಲ್ಲಿ ಬರೆದುಕೊಂಡೆ. ಅವರು ನರ್ಸಮ್ಮನ ತುಟಿಯನ್ನೇ ದಿಟ್ಟಿಸಿ ಕಲಿತರು. ಪರಭಾಷೆಯ ಮಾತನ್ನು ಹೀಗೆ ನೋಡಿ ಕಲಿಯುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನರ್ಸಮ್ಮ ಎಲೆಅಡಿಕೆ ಹಾಕಿಕೊಂಡರೆ ಪಾಠ ನಿಲ್ಲುತ್ತಿತ್ತು. “ಉಗುಳಿ ಬರ್ರಿ ತಾಯಿ, ಮಾತು ಕಾಣ್ವಲ್ದು,” ಎನ್ನುತ್ತಿದ್ದರು.

ವಾರ್ಡಿನಲ್ಲಿ ಪಾಳಿ ಒಪ್ಪಿಸುವಾಗ, ಹೇಳಿದ್ದನ್ನು ಕೇಳಿದವಳಿಂದ ತಿರುಗಿ ಹೇಳಿಸುತ್ತಿದ್ದರಂತೆ. ಅದು ಯಾಕೆ ಎಂದು ಒಂದು ಭಾನುವಾರ ಅಣ್ಣಾರು ಕೇಳಿದರು. ನರ್ಸಮ್ಮ ಎಲೆಅಡಿಕೆಯ ಚೀಲವನ್ನು ಪಕ್ಕಕ್ಕಿಟ್ಟರು.

“ನಾನು ಹೊಸಬಳಿದ್ದಾಗ ಒಬ್ಬಳಿಗೆ ಒಂದು ಮಗುವಿನ ಔಷಧಿ ಒಪ್ಪಿಸಿ ಮನೆಗೆ ಹೋದೆ, ತಂಬಿ. ಅವಳು ತಲೆ ಆಡಿಸಿದಳು. ಆದರೆ ನಾನೇ ಕೊಟ್ಟು ಹೋಗಿದ್ದೇನೆ ಅಂತ ತಿಳಿದಿದ್ದಳು. ಬೆಳಿಗ್ಗೆ ಬಂದರೆ ಹಾಸಿಗೆ ಖಾಲಿ. ದೊಡ್ಡ ಸಿಸ್ಟರ್ ಯಾರದು ತಪ್ಪು ಅಂತ ಕೇಳಿದರು. ನಾನು ಅವಳ ಕಡೆ ಕೈ ತೋರಿಸಲಿಲ್ಲ. ತಿರುಗಿ ಹೇಳಿಸದೆ ಹೋದವಳು ನಾನು ತಾನೆ? ‘ಸೆ ಮ್ವಾ’ ಅಂದೆ. ಅದು ನಾನು.”

ಗಾಡಿಯಲ್ಲಿ ಬರುವಾಗ ಅಣ್ಣಾರ ತುಟಿ ಆಡುತ್ತಿತ್ತು. ಸೆ ಮ್ವಾ, ಸೆ ಮ್ವಾ. ಕೈಯನ್ನು ಕಿವಿಗೆ ಹಿಡಿದು ಕಾಯುವ ಅಭ್ಯಾಸ ಅವರಿಗೆ ಮೊದಲೇ ಇತ್ತು. ತಿರುಗಿ ಪೂರ್ತಿ ಒಪ್ಪಿಸದ ಹೊರತು ಬಿಡದ ಹಟ ಮಾತ್ರ ಆ ಭಾನುವಾರದಿಂದ ಬಂದದ್ದು.

ಮನೆಯಲ್ಲೂ ಅಭ್ಯಾಸ ನಡೆಯಿತು. ಒಮ್ಮೆ ನಾನು ಶಾಮನೂರಿಗೆ ಹೋಗಿದ್ದಾಗ ಹಿತ್ತಿಲಲ್ಲಿ ನಿಂತು, “ಎಮ್ಮಿ ಹಿಂಡೋದು ಕಿ ಸಾಂನೊಕುಪ್?” ಎಂದು ಕೂಗಿದರು. ಒಳಗಿನಿಂದ ಅವರ ಹೆಂಡತಿ, “ಮೂವತ್ತು ವರ್ಷದಿಂದ ಯಾರು ಹಿಂಡ್ಯಾರೆ ಅಂತ ಎಮ್ಮೀನೇ ಕೇಳ್ರಿ, ಅದು ನಿಮಗಿಂತ ಚಲೋ ಹೇಳ್ತೈತೆ,” ಎಂದರು. ಅಣ್ಣಾರು ನಗುತ್ತ ಚೊಂಬು ಹಿಡಿದು ಹೋಗಿ, “ಜ ಮಾಂ ಶಾರ್ಜ್,” ಎಂದು ಎಮ್ಮೆಯ ಪಕ್ಕ ಕೂತರು. ಎಮ್ಮೆ ಒದೆಯಿತು. ಹೊಸ ಕೈ ಅದಕ್ಕೆ ಒಗ್ಗಲಿಲ್ಲ.

ನಾಲ್ಕು ತಿಂಗಳು ಕಳೆದು ಸಾಹೇಬ ಬಂದ. ಐವತ್ತರ ಆಸುಪಾಸು, ಕೆಂಪು ಮುಖ, ಕೆಲಸಗಾರನ ಕೈ. ಅವನನ್ನು ನೋಡುತ್ತಲೇ ಅಣ್ಣಾರ ಮುಖ ಇಳಿದುಹೋಯಿತು. ಯಾಕೆಂದರೆ ಅವನಿಗೆ ಮೀಸೆ ಇತ್ತು. ಅಂಥಿಂಥ ಮೀಸೆಯಲ್ಲ, ಮೇಲ್ದುಟಿ ಕೆಳದುಟಿ ಎರಡನ್ನೂ ಮುಚ್ಚಿ ಜೋಲುವ ಹುಲ್ಲಿನ ಸೂರು. ನಾಲ್ಕು ತಿಂಗಳು ತುಟಿ ನೋಡಿ ಕಲಿತವರ ಮುಂದೆ ತುಟಿಯೇ ಇಲ್ಲದ ಗುರು ಬಂದು ನಿಂತಿದ್ದ.

ಜೊತೆಗೆ ಮುಂಬಯಿಯಿಂದ ಟೈ ಕಟ್ಟಿದ ದುಭಾಷಿಯೊಬ್ಬ ಬಂದಿದ್ದ. ಆಫೀಸಿನಲ್ಲಿ ಅವನು ಅರಳು ಹುರಿದಂತೆ ಮಾತಾಡಿದ. ಅಣ್ಣಾರ ಫ್ರೆಂಚಿಗೆ ಇನ್ನು ಕೆಲಸವಿಲ್ಲ ಎಂದುಕೊಂಡೆವು. ಆದರೆ ಫ್ರೇಮುಗಳನ್ನು ಕೂರಿಸುವ ಹೊಸ ಶೆಡ್ಡೆಂದರೆ ಮಗ್ಗದ ಶೆಡ್ಡಿನ ಕೊನೆಗೆ ಸೇರಿಸಿ ಕಟ್ಟಿದ ಅಂಕಣ. ಪಕ್ಕದಲ್ಲಿ ಇನ್ನೂರು ಮಗ್ಗಗಳು ಖಟಖಟ ಬಡಿಯುತ್ತಿದ್ದವು. ದುಭಾಷಿ ಸಾಹೇಬನ ಬಾಯಿಗೆ ಕಿವಿ ಹಚ್ಚಿ ನಿಂತರೂ ಅವನಿಗೆ ಒಂದಕ್ಷರ ಕೇಳಲಿಲ್ಲ. ಕೇಳಿದ್ದೂ ಅರ್ಥವಾಗಲಿಲ್ಲ, ಏಕೆಂದರೆ ಅವನು ನೂಲು ಸುತ್ತುವ ಸ್ಪಿಂಡಲ್ ಎಂಬುದನ್ನೇ ಹುಟ್ಟಾ ಕಂಡಿರಲಿಲ್ಲ. ಹತ್ತಿಯ ಧೂಳಿಗೆ ಕೆಮ್ಮಿ ಕೆಮ್ಮಿ ಐದನೆಯ ದಿನ ಮುಂಬಯಿಯ ಗಾಡಿ ಹತ್ತಿದ.

ಆ ಐದನೆಯ ದಿನವೇ ಅಣ್ಣಾರು ಸಾಹೇಬನ ಎದುರು ಹೋಗಿ ನಿಂತರು. ಸಾಹೇಬ ಏನೋ ಹೇಳಿದ. ಮೀಸೆ ಅಲುಗಾಡಿತು, ಅಷ್ಟೇ. ಅಣ್ಣಾರು ಧೈರ್ಯ ಮಾಡಿ, ನರ್ಸಮ್ಮ ಹೇಳಿಕೊಟ್ಟಿದ್ದ ಮಾತನ್ನು ಶೆಡ್ಡು ನಡುಗುವ ಹಾಗೆ ಅಂದರು. “ಉವ್ರೇ ಲಾ ಬೂಶ್!” ಬಾಯಿ ತೆಗೆಯಿರಿ.

ಸಾಹೇಬ ಕಕ್ಕಾಬಿಕ್ಕಿಯಾಗಿ ಬಾಯಿ ತೆರೆದ. ಅಣ್ಣಾರು ತಮ್ಮ ಕಿವಿ ತೋರಿಸಿ, ಇಲ್ಲವೆಂದು ಕೈ ಆಡಿಸಿ, ಅವನ ತುಟಿ ತೋರಿಸಿ, ತಮ್ಮ ಕಣ್ಣು ತೋರಿಸಿದರು. ಕೊನೆಗೆ ಅವನ ಮೀಸೆಯ ಕಡೆ ಬೆರಳು ಮಾಡಿ ಎರಡು ಬೆರಳಲ್ಲಿ ಕತ್ತರಿ ಆಡಿಸಿದರು. ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರನೆಯ ದಿನ ಮೀಸೆ ಕತ್ತರಿಸಿಕೊಂಡೇ ಬಂದ. ಸ್ಟೇಷನ್ ಹತ್ತಿರದ ಕ್ಷೌರಿಕ ಒಂದು ಕಡೆ ಹೆಚ್ಚು ಕತ್ತರಿಸಿದ್ದರೂ ತುಟಿ ಎರಡೂ ಕಾಣುತ್ತಿದ್ದವು.

ಅಲ್ಲಿಂದ ಕೆಲಸ ಓಡಿತು. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುತ್ತಲೇ ನಾವು ಹನ್ನೆರಡು ಜನ ಸಾಲಾಗಿ ನಿಲ್ಲುತ್ತಿದ್ದೆವು. ಸಾಹೇಬ ನಕ್ಷೆಯ ಮೇಲೆ ಬೆರಳಿಡುತ್ತಿದ್ದ. ಅಣ್ಣಾರು, “ಕಿ ಸಾಂನೊಕುಪ್?” ಎಂದು ನಮ್ಮ ಕಡೆ ತಿರುಗುತ್ತಿದ್ದರು. ಕೆಲಸ ಒಪ್ಪಿಕೊಂಡವನು ಅದನ್ನು ಕನ್ನಡದಲ್ಲಿ ತಿರುಗಿ ಹೇಳಿ, ಕೊನೆಗೆ ಫ್ರೆಂಚಿನಲ್ಲಿ “ಜ ಮಾಂ ಶಾರ್ಜ್” ಅನ್ನಬೇಕು. ಒಬ್ಬನ ಪರವಾಗಿ ಇನ್ನೊಬ್ಬ ಹೇಳುವ ಹಾಗಿಲ್ಲ. ಸಂಜೆ ಅವನೇ ಬಂದು “ಸೆ ಫೆ” ಅನ್ನಬೇಕು. ಅಂದ ಮೇಲೆ ಅಣ್ಣಾರು ಹೋಗಿ ತಮ್ಮ ರಸಮಟ್ಟ ಇಟ್ಟು ನೋಡಿ ಬರುತ್ತಿದ್ದರು. ಹಿಂದಿನ ಸಂಜೆ ನಿಲ್ಲಿಸಿದ ಯಂತ್ರದ ಬಳಿ ಹೋಗಿ, “ರೋಗಿ ಚೆನ್ನಾಗಿ ನಿದ್ದೆ ಮಾಡಿದನೇ?” ಎಂದು ಫ್ರೆಂಚಿನಲ್ಲಿ ಕೇಳುತ್ತಿದ್ದುದೂ ಉಂಟು. ಸಾಹೇಬ ಅದಕ್ಕೆ ಗಂಭೀರವಾಗಿ ಫ್ರೇಮಿನ ಮೈ ಮುಟ್ಟಿ, ಜ್ವರ ಇಲ್ಲವೆಂದು ತಲೆ ಆಡಿಸುತ್ತಿದ್ದ. ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ತಿಂದು ಅವನು ಬೆವರಿದರೆ ಅಣ್ಣಾರು ಅವನ ನಾಡಿ ಹಿಡಿದು ನೋಡುತ್ತಿದ್ದರು. ಮ್ಯಾನೇಜರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಕೊಯಮತ್ತೂರಿನ ಮಾತು ಎತ್ತಲಿಲ್ಲ.

ಇನ್ನು ಹೇಳಬೇಕಾದದ್ದು ನನ್ನ ಘನಕಾರ್ಯ.

ಒಂದು ಶನಿವಾರ ಮೂರನೆಯ ಫ್ರೇಮಿನ ಕಾಲುಗಳ ಮಟ್ಟ ನೋಡುವ ಕೆಲಸ ನನಗೆ ಬಂತು. ತಿರುಗಿ ಒಪ್ಪಿಸಿದೆ, “ಜ ಮಾಂ ಶಾರ್ಜ್” ಅಂದೆ. ಆದರೆ ಆ ದಿನ ಮಧ್ಯಾಹ್ನ ನನಗೆ ಲೋಕಿಕೆರೆಯಲ್ಲಿ ಹೆಣ್ಣು ನೋಡುವುದಿತ್ತು. ಮನೆಗೆ ಹೋಗಿ ಬರಲು ಹೊತ್ತಿಲ್ಲವೆಂದು, ಹೊಸ ಬಿಳಿ ಅಂಗಿಯನ್ನು ಬೆಳಿಗ್ಗೆಯೇ ತೊಟ್ಟು ಬಂದಿದ್ದೆ. ಎಲ್ಲ ಕಾಲುಗಳನ್ನೂ ನೋಡಿದೆ, ಎಡಗಡೆಯ ಕೊನೆಯದೊಂದನ್ನು ಬಿಟ್ಟು. ಅದನ್ನು ನೋಡಬೇಕಾದರೆ ಎಣ್ಣೆ ಸುರಿದ ನೆಲದ ಮೇಲೆ ಅಂಗಾತ ಮಲಗಿ ಫ್ರೇಮಿನ ಕೆಳಗೆ ತೆವಳಬೇಕಿತ್ತು. ಅಂಗಿ ನೋಡಿಕೊಂಡೆ. ಉಳಿದವೆಲ್ಲ ಸರಿ ಇವೆ, ಇದೊಂದು ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ಅಣ್ಣಾರ ಬಳಿ ಹೋಗಿ “ಸೆ ಫೆ” ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರಸಮಟ್ಟಕ್ಕೆಂದು ಜೇಬಿಗೆ ಹೋದ ಕೈ ಅಲ್ಲೇ ನಿಂತಿತು. “ಹೋಗು, ಬಸ್ಸು ತಪ್ಪೀತು,” ಎಂದರು. ಓಡಿದೆ. ಹುಡುಗಿ ಒಪ್ಪಿಗೆಯಾದಳು. ಅವಳೇ ಈಗ ನನ್ನ ಹೆಂಡತಿ. ಆ ಅಂಗಿಯ ವಿಷಯದಲ್ಲಿ ಅವಳಿಂದ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನ ಗುರುವಾರ ಮೂರನೆಯ ಫ್ರೇಮನ್ನು ಮೊದಲ ಸಲ ತಿರುಗಿಸಿದರು. ಅರ್ಧ ಗಂಟೆಯಲ್ಲಿ ಎಡತುದಿಯ ಎಳೆಗಳೆಲ್ಲ ಪಟಪಟನೆ ಹರಿಯತೊಡಗಿದವು. ಇಡೀ ಫ್ರೇಮು ನಡುಕ ಬಂದವರಂತೆ ಅದುರಿತು. ಸಾಹೇಬ ನಿಲ್ಲಿಸಿ ಕೆಳಗೆ ತೆವಳಿ, ಆ ಕಾಲಿಗೆ ಮಟ್ಟ ಇಟ್ಟು ಎದ್ದ. ಮುಖ ಕೆಂಡವಾಗಿತ್ತು. ಅದಕ್ಕೆ ಜೋಡಿಸಿದ್ದ ಪಕ್ಕದ ಫ್ರೇಮನ್ನೂ ಬಿಚ್ಚಿ ಮತ್ತೆ ಕೂರಿಸಬೇಕು, ನಾಲ್ಕು ದಿನದ ಕೆಲಸ. ಅವನು ಸಾಲಾಗಿ ನಿಂತಿದ್ದ ನಮ್ಮ ಮುಂದೆ ಬಂದು ಒಂದೇ ಪ್ರಶ್ನೆ ಕೇಳಿದ. ಇದನ್ನು ನೋಡಿಕೊಂಡವರು ಯಾರು?

ನನ್ನ ನಾಲಗೆ ಅಂಗುಳಿಗೆ ಅಂಟಿಕೊಂಡಿತು. ಮದುವೆ ಗೊತ್ತಾಗಿ ಐದು ದಿನ. ಕೆಲಸ ಹೋದರೆ ಹೆಣ್ಣೂ ಹೋಗುತ್ತದೆ ಎಂದಷ್ಟೇ ತಲೆಯಲ್ಲಿ ಓಡಿತು.

ಅಣ್ಣಾರು ಒಂದು ಹೆಜ್ಜೆ ಮುಂದೆ ಬಂದರು. “ಸೆ ಮ್ವಾ,” ಎಂದರು.

ಸಾಹೇಬ ತನ್ನ ಕೋಟು ತೆಗೆದು ಮೊಳೆಗೆ ಹಾಕಿ, ಸ್ಪ್ಯಾನರ್ ಕೈಗೆತ್ತಿಕೊಂಡ. ನಾಲ್ಕು ದಿನ ಅವರಿಬ್ಬರೂ ನೆಲದ ಮೇಲೆ ಅಕ್ಕಪಕ್ಕ ಮಲಗಿ ಕೆಲಸ ಮಾಡಿದರು. ನಾನೂ ಮಾಡಿದೆ. ಹಳೆಯ ಅಂಗಿ ಹಾಕಿಕೊಂಡು.

ಸುದ್ದಿ ಆಫೀಸಿಗೆ ಹೋಗದೆ ಇರುತ್ತದೆಯೇ? ಐದನೆಯ ದಿನ ಮ್ಯಾನೇಜರು ಸಾಹೇಬನನ್ನೂ ಅಣ್ಣಾರನ್ನೂ ನಕ್ಷೆಗಳ ಜೊತೆ ನನ್ನನ್ನೂ ಕರೆಸಿದರು. ಮೇಜಿನ ಮೇಲೆ ತಂತಿಯ ಫಾರಮ್ಮು ಬರೆದು ಸಿದ್ಧವಾಗಿತ್ತು. ತಲೆಕೆಳಗಾಗಿ ಕಂಡರೂ ಕೊಯಮತ್ತೂರು ಎಂಬುದನ್ನು ಓದಿಬಿಟ್ಟೆ.

“ತಪ್ಪು ನಿಮ್ಮದೇ ಅಂತ ನೀವೇ ಹೇಳಿದ್ದೀರಂತೆ,” ಎಂದರು ಮ್ಯಾನೇಜರು. “ನನಗೂ ಮಾಲೀಕರಿಗೆ ಉತ್ತರ ಕೊಡಬೇಕು. ಹೊಸ ಶೆಡ್ಡನ್ನು ಯಾರ ಕೈಗೆ ಕೊಡೋದು ಅಂತ ಸಾಹೇಬನನ್ನೇ ಕೇಳಿ. ಅವನು ಹೇಳಿದ್ದು ಹೇಳಿ.”

ಹೀಗೆ ತಮ್ಮ ತಲೆಯ ಮೇಲಿನ ತೀರ್ಪನ್ನು ತಾವೇ ಕೇಳಿ ತಾವೇ ತರ್ಜುಮೆ ಮಾಡುವ ಪಾಳಿ ಅಣ್ಣಾರಿಗೆ ಬಂತು. ಅವರು ಕಿಟಕಿಯಾಚೆ ಶೆಡ್ಡಿನ ಕಡೆ ಕೈ ತೋರಿಸಿ, ಯಾವಾಗಿನಂತೆ ಕೇಳಿದರು. “ಕಿ ಸಾಂನೊಕುಪ್?”

ಸಾಹೇಬ ಉದ್ದಕ್ಕೂ ಮಾತಾಡಿದ. ಮೂರು ಬೆರಳು ತೋರಿಸಿದ, ನಾಲ್ಕು ಬೆರಳು ತೋರಿಸಿದ. ಕೊನೆಗೆ ಅಣ್ಣಾರ ಎದೆಗೆ ಬೆರಳು ಮುಟ್ಟಿಸಿ, ಮೇಜು ಗುದ್ದಿ ಹೇಳಿದ. “ಸೆ ಲ್ವಿ ಕಿಲ್ ಮ ಫೋ!”

“ಏನಂತಾನೆ?” ಎಂದರು ಮ್ಯಾನೇಜರು.

“ಮೂರನೇ ಫ್ರೇಮಿನ ಕಾಲು ಮಟ್ಟ ತಪ್ಪಿತ್ತು ಅಂತಾನ್ರಿ. ನಾಕು ದಿನ ಹಾಳಾತು ಅಂತಾನೆ.”

“ಅಷ್ಟೇನಾ?”

ಅಣ್ಣಾರು ಕಿಟಕಿಯ ಕಡೆ ನೋಡಿದರು. “ನನಗೆ ತಿಳಿದದ್ದು ಅಷ್ಟು ರೀ.”

ತಿಳಿಯದೆ ಏನು? ‘ಇಲ್ ಮ ಫೋ’ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕಲಿತ ಮಾತು. ತಮ್ಮ ಹೊಗಳಿಕೆ ತಮ್ಮ ಬಾಯಲ್ಲಿ ಬರಬಾರದೆಂದು ಅವರು ಸುಮ್ಮನಾಗಿದ್ದರು. ಮ್ಯಾನೇಜರ ಕೈ ತಂತಿಯ ಫಾರಮ್ಮಿನ ಕಡೆ ಹೋಯಿತು. ಗುರುವಾರ ಅಂಟಿಕೊಂಡಿದ್ದ ನನ್ನ ನಾಲಗೆ ಆಗ ಬಿಚ್ಚಿಕೊಂಡಿತು.

“ಅಷ್ಟೇ ಅಲ್ಲ ಸರ್. ‘ನನಗೆ ಬೇಕಾದೋನು ಇವನೇ’ ಅಂದ. ಮೇಜು ಗುದ್ದಿ ಅಂದ. ಬೇಕಾದ್ರೆ ತಿರುಗಿ ಹೇಳಿಸ್ರಿ.”

ಮ್ಯಾನೇಜರು ಸಾಹೇಬನ ಕಡೆ ನೋಡಿ ಅಣ್ಣಾರನ್ನು ಬೆರಳು ಮಾಡಿ ತೋರಿಸಿದರು. ಸಾಹೇಬ ಎದ್ದು ನಿಂತು ಅಣ್ಣಾರ ಹೆಗಲ ಮೇಲೆ ಕೈ ಹಾಕಿದ. ಅದಕ್ಕೆ ತರ್ಜುಮೆ ಬೇಕಾಗಲಿಲ್ಲ. ಫಾರಮ್ಮನ್ನು ಮ್ಯಾನೇಜರು ನಾಲ್ಕಾಗಿ ಮಡಿಚಿ ಖಾನೆಯೊಳಗೆ ಹಾಕಿದರು.

ಹೊರಗೆ ಬಂದ ಮೇಲೆ ಅಣ್ಣಾರು, “ನಿನ್ನ ಯಾರು ಕೇಳಿದ್ರು?” ಎಂದರು. ಮರುಗಳಿಗೆಗೇ “ತರ್ಜುಮೆ ಸರೀಗೇ ಇತ್ತು,” ಎಂದು ಮುಂದೆ ಹೋದರು. ಹೇಳಬೇಕಾಗಿದ್ದ ಇನ್ನೊಂದು ಮಾತು ನನ್ನ ಬಾಯಲ್ಲಿಯೇ ಉಳಿಯಿತು. ಇವತ್ತಲ್ಲ ನಾಳೆ ಹೇಳೋಣ ಎಂದು ವರ್ಷಗಳನ್ನೇ ದೂಡಿದೆ. ಹೇಡಿತನಕ್ಕೆ ನಾಳೆ ಎಂಬುದು ಬಹಳ ಅನುಕೂಲ.

ಹೊಸ ಶೆಡ್ಡು ನಮ್ಮದಾಯಿತು. ಹನ್ನೆರಡು ಜನರಲ್ಲಿ ಒಬ್ಬನೂ ಹೊರಗೆ ಹೋಗಲಿಲ್ಲ. ಸಾಹೇಬ ಹೊರಡುವ ದಿನ ಅಣ್ಣಾರು ಅವನನ್ನು ಹರಿಹರಕ್ಕೆ ಕರೆದೊಯ್ದರು. ನರ್ಸಮ್ಮ ಬಾಗಿಲಲ್ಲಿ ಬಿಳಿಸೀರೆಯುಟ್ಟು ನಿಂತಿದ್ದರು. ಎಷ್ಟೋ ವರ್ಷಗಳ ಮೇಲೆ ತಮ್ಮ ಫ್ರೆಂಚಿಗೆ ಫ್ರೆಂಚಿನಲ್ಲಿ ಉತ್ತರ ಕೇಳಿ ಆ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸಾಹೇಬ ಅವರ ಕೈ ಹಿಡಿದು ಏನೋ ಅಂದ. ನಮಗೆ ಕಲಿಸದ ಮಾತು ಅದು, ಅರ್ಥವಾಗಲಿಲ್ಲ. ಏನೆಂದ ಎಂದು ಅಣ್ಣಾರು ಕೇಳಿದ್ದಕ್ಕೆ ನರ್ಸಮ್ಮ, “ನಿನ್ನ ಉಚ್ಚಾರ ಕೆಟ್ಟದಾಗಿದೆ ಅಂತ ಹೇಳಿದ, ತಂಬಿ,” ಎಂದು ನಕ್ಕರು. ಆ ಮಾತನ್ನು ನಾನು ಈಗಲೂ ನಂಬುವುದಿಲ್ಲ.

ಆಮೇಲೆ ಆ ಮೂರು ಮಾತು ಮಿಲ್ಲಿನ ಮಾತೇ ಆಗಿಹೋದವು. ಫ್ರಾನ್ಸ್ ಎಲ್ಲಿದೆಯೆಂದು ತಿಳಿಯದವರೂ ಕೆಲಸ ಹಿಡಿಯುವಾಗ ‘ಜ ಮಾಂ ಶಾರ್ಜ್’ ಎನ್ನುತ್ತಿದ್ದರು. ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನೊಬ್ಬ ‘ಸೆ ಫೆ’ ಎಂದು ಖಾಲಿ ಬುಟ್ಟಿ ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಪಕ್ಕದಲ್ಲಿ ಕೂತಿದ್ದ ಅಣ್ಣಾರು ಎದ್ದು ಅಡುಗೆಮನೆಗೆ ಹೋಗಿ, ಇನ್ನೊಂದು ಬುಟ್ಟಿ ಇರುವುದನ್ನು ಪತ್ತೆ ಮಾಡಿ ಬಂದರು. ಮಟ್ಟ ಇಟ್ಟು ನೋಡುವ ಚಟ ಹೋಳಿಗೆಗೂ ಬಿಡಲಿಲ್ಲ.

ಅವರು ನಿವೃತ್ತರಾದ ದಿನ ಆಫೀಸಿನಲ್ಲಿ ಹಾರ, ಶಾಲು, ಭಾಷಣಗಳು ಆದವು. ಅವರ ಸ್ಥಾನಕ್ಕೆ ನನ್ನ ಹೆಸರು ಹೇಳಿದರು. ಅಣ್ಣಾರು ಭಾಷಣ ಮಾಡಲಿಲ್ಲ. ಹಾರ ತೆಗೆದು ಕುರ್ಚಿಯ ಮೇಲಿಟ್ಟು, “ಬಾ ತಮ್ಮಾ, ವಾರ್ಡು ಒಪ್ಪಿಸ್ತೀನಿ,” ಎಂದು ಶೆಡ್ಡಿಗೆ ನಡೆದರು. ಉಳಿದ ಹನ್ನೊಂದು ಜನವೂ ಹಿಂದೆ ಬಂದರು. ಮಗ್ಗಗಳೂ ಫ್ರೇಮುಗಳೂ ಓಡುತ್ತಿದ್ದವು, ಮಾತೆಲ್ಲ ತುಟಿಯಲ್ಲೇ. ಒಂದನೆಯ ಫ್ರೇಮಿನ ಹಲ್ಲಿನ ಚಕ್ರ ಸವೆದಿದೆ, ಎರಡನೆಯದಕ್ಕೆ ಎಣ್ಣೆ ಹೆಚ್ಚು ಬೇಕು. ಒಂದೊಂದಕ್ಕೂ ನಾನು ತಿರುಗಿ ಒಪ್ಪಿಸಿದೆ.

ಮೂರನೆಯ ಫ್ರೇಮಿನ ಮುಂದೆ ಅವರು ನಿಂತರು. “ಈ ರೋಗಿ ಹಟಮಾರಿ. ಎಡಗಡೆ ಕೊನೇ ಕಾಲು ತಿಂಗಳಿಗೊಮ್ಮೆ ನೋಡ್ಬೇಕು. ಕಿ ಸಾಂನೊಕುಪ್?” ಕೈ ಕಿವಿಗೆ ಹೋಯಿತು.

ಅಷ್ಟು ವರ್ಷ ದೂಡಿಕೊಂಡು ಬಂದದ್ದು ಒಮ್ಮೆಗೇ ತುಟಿಗೆ ಬಂತು. ದನಿ ತೆಗೆಯದೆ, ತುಟಿಯನ್ನಷ್ಟೇ ಆಡಿಸಿದೆ. “ಅಣ್ಣಾರ, ಅವತ್ತು ಈ ಕಾಲು ನಾ ನೋಡಿರಲಿಲ್ಲ. ಸುಳ್ಳು ಹೇಳಿದ್ದೆ.”

ಹೇಳಿದ ಮೇಲೆ ಹೊಳೆಯಿತು, ಸುತ್ತ ನಿಂತ ಹನ್ನೊಂದು ಜನಕ್ಕೂ ತುಟಿ ಓದಲು ಬರುತ್ತದೆ. ಗುಟ್ಟಾಗಿ ಹೇಳಿದೆನೆಂದುಕೊಂಡದ್ದು ಡಂಗುರವಾಗಿತ್ತು. ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ.

“ಇವರಿಗೆಲ್ಲ ಅವತ್ತೇ ಗೊತ್ತಿತ್ತು,” ಎಂದರು ಅಣ್ಣಾರು. “ಫ್ರೇಮಿನ ಕೆಳಗೆ ಹೋಗಿ ಬಂದೋನ ಅಂಗಿ ಅಷ್ಟು ಬೆಳ್ಳಗ ಇರ್ತೈತೇನೋ? ನೋಡಿದ್ದೆ ನಾನು. ಪಾಪ, ಹೆಣ್ಣು ನೋಡಾಕ ಹೊಂಟಾನೆ ಅಂತ ಮಟ್ಟ ಇಡದೆ ಸುಮ್ಮನಾದೆ. ಸೆ ಮ್ವಾ ಅಂದದ್ದು ಅದಕ್ಕೆ. ನಾನೇನು ಸುಳ್ಳು ಹೇಳ್ಲಿಲ್ಲ.”

ನನ್ನ ಕಣ್ಣು ಮಂಜಾಯಿತು. ಅವರ ಕೈ ಮಾತ್ರ ಕಿವಿಯ ಹಿಂದೆ ಹಾಗೇ ಇತ್ತು.

“ಅದು ಹೋದ ಮಾತು. ನಾ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ.”

“ಎಡಗಡೆ ಕೊನೇ ಕಾಲು, ತಿಂಗಳಿಗೊಮ್ಮೆ, ಕೆಳಗೆ ಹೋಗಿ ಮಟ್ಟ ಇಟ್ಟು ನೋಡ್ತೀನಿ,” ಎಂದು ಮಗ್ಗಗಳ ಗದ್ದಲವನ್ನೂ ಮೀರಿ ಕೂಗಿದೆ. “ಜ ಮಾಂ ಶಾರ್ಜ್!”

ಅವರು ಕೈ ಇಳಿಸಿದರು. ಜೇಬಿನಿಂದ ರಸಮಟ್ಟ ತೆಗೆದು ನನ್ನ ಜೇಬಿಗೆ ಹಾಕಿ, ನಾಲ್ಕನೆಯ ಫ್ರೇಮಿನ ಕಡೆ ನಡೆದರು.

ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ, ಭೋಂಗಾ ಕೂಗುವ ಮುಂಚೆ ಶೆಡ್ಡಿಗೆ ಹೋದೆ. ಮಟ್ಟ ನೋಡುವ ದಿನ ಇನ್ನೂ ಬಂದಿರಲಿಲ್ಲ. ಆದರೂ ಎಣ್ಣೆ ನೆಲದ ಮೇಲೆ ಅಂಗಾತ ಮಲಗಿ ಮೂರನೆಯ ಫ್ರೇಮಿನ ಕೆಳಗೆ ತೆವಳಿ, ಕೊನೆಯ ಕಾಲಿಗೆ ಅವರ ರಸಮಟ್ಟ ಇಟ್ಟೆ. ಗುಳ್ಳೆ ಆ ಕಡೆ ಈ ಕಡೆ ಓಡಿ ನಡುವೆ ಬಂದು ನಿಂತಿತು. ಹೊರಗೆ ಬಂದು ಅಂಗಿ ನೋಡಿಕೊಂಡೆ. ಬೆನ್ನೆಲ್ಲ ಎಣ್ಣೆಯಾಗಿತ್ತು.

“ಸೆ ಫೆ, ಅಣ್ಣಾರ,” ಎಂದೆ.